ನಮ್ಮ ಮಕ್ಕಳಿಗೆ ಬಾಗಿಲು ತೆಗೆದ ಮೈಸೂರಿಗರಿಗೆ

ಅಂಚೆ ಕಾರ್ಡಿನ ಪ್ರದರ್ಶನ ಭಾನುವಾರ ಮುಗಿಯಿತು. ನೆನಪು ಹಸಿಯಾಗಿರುವಾಗಲೇ ಥ್ಯಾಂಕ್ಸ್ ಹೇಳಿಬಿಡುತ್ತೇನೆ.

ಅರಮನೆ, ಬೆಟ್ಟ, ಝೂ ಚಿತ್ರದ ಕಾರ್ಡು ಊರಿಗೆಲ್ಲಾ ಸಿಗುತ್ತವೆ. ಅದಕ್ಕೇ ನಮ್ಮ ವಿದ್ಯಾರ್ಥಿಗಳಿಗೆ ಒಂದು ಷರತ್ತು ಹಾಕಿದ್ದೆ: ಯಾರೂ ನಿಂತು ನೋಡದ ಜಾಗ ಬರೆಯಿರಿ. 50 ಪೈಸೆ ಕಾರ್ಡಿನ ಮೇಲೆ ಚಿತ್ರ, ನಾಲ್ಕು ಸಾಲು, ಆಮೇಲೆ ಅಂಚೆ ಡಬ್ಬಿಗೆ. ತಲುಪಿದ್ದನ್ನಷ್ಟೇ ತೂಗುಹಾಕುವುದು.

ಮೊದಲ ನಮಸ್ಕಾರ ಗರಡಿಮನೆಯ ಉಸ್ತಾದರಿಗೆ. "ಚಪ್ಪಲಿ ಆಚೆ ಬಿಟ್ಟು ಬನ್ರಪ್ಪಾ" ಅಂತ ಹುಡುಗರನ್ನು ಒಳಗೆ ಕರೆದರು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ ಹಾಕಿ ಮಟ್ಟಿ (ಕುಸ್ತಿ ಆಡುವ ಮಣ್ಣು) ಹದ ಮಾಡುವುದನ್ನು ತೋರಿಸಿದರು. ಒಬ್ಬ ಆ ಮಣ್ಣನ್ನೇ ಬೆರಳಲ್ಲಿ ತೆಗೆದು ಚಿತ್ರಕ್ಕೆ ಬಳಿದ. ಎಣ್ಣೆ ಇಳಿದು ವಿಳಾಸ ಅರ್ಧ ಅಳಿಸಿಹೋಗಿತ್ತು. ಅದನ್ನೂ ಹುಡುಕಿ ತಂದುಕೊಟ್ಟ ನಮ್ಮ ಪೋಸ್ಟ್‌ಮ್ಯಾನ್ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ತೀರಿಕೊಂಡರು. ಅಲ್ಲಿ ವ್ಯಾಪಾರ ನಡೆಯುತ್ತಿದ್ದುದು ಈ ಮಕ್ಕಳಿಗೆ ಗೊತ್ತೇ ಇಲ್ಲ. ಹಳೇ ಪುಸ್ತಕ ಮಾರುತ್ತಿದ್ದ ಹಿರಿಯರೊಬ್ಬರು ರಸ್ತೆಯಲ್ಲೇ ನಿಂತು, ಒಂದೊಂದೇ ಬಾಗಿಲಿನ ಕಡೆ ಕೈತೋರಿಸಿ, ಯಾವ ಮಳಿಗೆಯಲ್ಲಿ ಏನು ಸಿಗುತ್ತಿತ್ತು ಅಂತ ಹೇಳಿದರು. ಮಕ್ಕಳು ಬಾಗಿಲಿಗೊಂದು ಕಾರ್ಡು ಮಾಡಿದರು. ನನ್ನ ಪ್ರಕಾರ ಇಡೀ ಪ್ರದರ್ಶನದಲ್ಲಿ ಅದೇ ಬೆಸ್ಟು. ಅದರ ಮುಂದೆ ಇಬ್ಬರು ಹಳೇ ಗಿರಾಕಿಗಳು "ಅದು ಆ ಅಂಗಡಿ ಅಲ್ಲ ಕಣ್ರೀ, ಪಕ್ಕದ್ದು" ಅಂತ ಜಗಳಕ್ಕೇ ನಿಂತಿದ್ದರು! ಅವರಿಗೂ ಥ್ಯಾಂಕ್ಸ್. ಒಂದು ಕಾರ್ಡಿನ ಜಾಗ ಬದಲಾಯಿಸಿದೆವು.

ದೊಡ್ಡ ಗಡಿಯಾರ ಯಾರೂ ನೋಡದ ಜಾಗ ಹೇಗಾಗುತ್ತೆ ಅಂತ ನಾನೇ ತಕರಾರು ತೆಗೆದಿದ್ದೆ. ಬರೆದ ಹುಡುಗಿ ಬಿಡಲಿಲ್ಲ. 1927ರಿಂದ ಅಲ್ಲೇ ಇರುವ ಗಡಿಯಾರ ಗೋಪುರ. ದಿನಾ ಅದರ ಕೆಳಗೇ ಓಡಾಡುವವರು ಕಾರ್ಡು ನೋಡಿ "ಹೌದಾ, ಕನ್ನಡ ಅಂಕಿನಾ ಇರೋದು?" ಅಂದರು. ಗೆದ್ದಳು ಅಲ್ವಾ!

ದೇವರಾಜ ಮಾರ್ಕೆಟ್ಟಿನ ಹೂವಿನ ಅಕ್ಕಂದಿರಿಗೆ, ಹಗ್ಗ ಕಟ್ಟಿದ ಅಪ್ಪಂದಿರಿಗೆ, ಬಾಡಿಗೆ ಕೇಳದೆ ಹಾಲ್ ಕೊಟ್ಟವರಿಗೆ ನಮಸ್ಕಾರ. ಕಾರ್ಡುಗಳನ್ನು ಆಯಾ ಜಾಗದವರಿಗೇ ತಲುಪಿಸುತ್ತಿದ್ದೇವೆ. ನೋಡಲು ಬಂದವರು ಖಾಲಿ ಕಾರ್ಡಿನಲ್ಲಿ ನಿಮ್ಮ ಬೀದಿಯ ಜಾಗಗಳನ್ನು ಬರೆದುಕೊಟ್ಟಿದ್ದೀರಿ. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಅಲ್ಲಿಗೂ ಬರುತ್ತಾರೆ. ಅಂದಹಾಗೆ, ನಮ್ಮ ಹತ್ತಿರ ಕಾರ್ಡು ಖಾಲಿ. ಯಾವ ಅಂಚೆ ಕಚೇರಿಯಲ್ಲಿ ಜಾಸ್ತಿ ಸ್ಟಾಕ್ ಇದೆ ಅಂತ ಗೊತ್ತಿದ್ದರೆ ಸ್ವಲ್ಪ ತಿಳಿಸಿ.