ಮರ್ಫಿಗೆ ಲಾಯ ಸಿಕ್ಕಿತು, ನಿಮ್ಮ ಕಾಲಿನ ಕಥೆ ಹೇಳಿ

ಲೀಡ್ಸ್
ಭಾನುವಾರ

ಅಪ್ಪನಿಗೆ ಶೋಭಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯೋಣ ಎಂದರೆ ಅಮ್ಮನ ಪತ್ರ ಎದುರಿಗೇ ಇದೆ. ಪುಟ್ಟಿ ಕೈಲಿ ಬರೆಸಿದ್ದಾಳೆ. ನಿಮ್ಮ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಾಯ ಆಗಿದೆಯಂತೆ. ಅರಿಶಿನ ಮೆತ್ತಿಕೊಂಡು ಬರಿಗಾಲಲ್ಲಿ ಓಡಾಡುತ್ತಿದ್ದೀರಂತೆ. ಫೋನಿನಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ನಾನು ಆರೋಗ್ಯ ಕೇಳಿದಾಗಲೆಲ್ಲ "ಅದಿರಲಿ, ಕುದುರೆಗೆ ಲಾಯ ಸಿಕ್ತಾ" ಎಂದು ಮಾತು ತಿರುಗಿಸಿದ್ದೇ ತಿರುಗಿಸಿದ್ದು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಮೊದಲು ಲಾಯದ ವಿಷಯ ಪೂರ್ತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದೆ ಓದುವುದಿಲ್ಲ.

ನಮ್ಮ ಕುದುರೆ ಮರ್ಫಿಗೆ ಲಾಯ ಸಿಕ್ಕಿದೆ. ಓಟ್ಲಿ ಎಂಬ ಊರಿನ ಮೇಲಿನ ಗುಡ್ಡದಲ್ಲಿ. ನಾನು ಈಗ ಕೆಲಸಕ್ಕೆ ಸೇರಿದ ಹೊಸ ಆಸ್ಪತ್ರೆಯಿಂದ ಕಾರಿನಲ್ಲಿ ಅರ್ಧ ಗಂಟೆ. ನನಗೆ ಮನೆ ಬೇಗ ಸಿಕ್ಕಿತ್ತು, ಇವನಿಗೇ ತಡ. ಮೊದಲಿದ್ದ ನಾರ್ವಿಚ್ ಕಡೆಯ ಹಾಗೆ ಇಲ್ಲಿ ನೆಲ ಸಮ ಇಲ್ಲ, ಎಲ್ಲ ಏರು ಇಳಿಜಾರು, ಗಾಳಿ ಬೇರೆ. ಮಂಜ ಕೇಳಿದರೆ "ಅಷ್ಟು ಕಷ್ಟಪಡೋ ಬದಲು ಮಾರಿಬಿಡು" ಎನ್ನುತ್ತಾನೆ. ವಯಸ್ಸಾದ, ಕಾಲು ಕೆಟ್ಟ ಕುದುರೆಯನ್ನು ಕೊಳ್ಳುವವರು ಯಾರು, ಕೊಂಡರೆ ಯಾಕೆ ಕೊಳ್ಳುತ್ತಾರೆ ಎಂದು ನಿಮಗೆ ಗೊತ್ತು. ಅವನಿಗೆ ನೀವೇ ಹೇಳಿ.

ಇಲ್ಲಿ ಲಾಯದವರು ಮೂರು ನಾಲ್ಕು ತರಹ ಇಟ್ಟುಕೊಳ್ಳುತ್ತಾರೆ. ಫುಲ್ ಲಿವರಿ ಎಂದರೆ ಮೇವು, ನೀರು, ಲದ್ದಿ ಬಾಚುವುದು ಎಲ್ಲ ಅವರದೇ. ನಾನು ಕೇಳಿದ ಕಡೆಯೆಲ್ಲ ಅದು ವಾರಕ್ಕೆ 150 ಪೌಂಡಿನ ಮೇಲೆ. ಡಿಐವೈ ಎಂದರೆ ಜಾಗ ಮಾತ್ರ ಅವರದು, ಬೆಳಗ್ಗೆ ಸಂಜೆ ನಾವೇ ಹೋಗಿ ಮಾಡಬೇಕು. ಅದು ಅಗ್ಗ. ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಕತ್ತಲಲ್ಲಿ ಲದ್ದಿ ಬಾಚಲು ನನ್ನ ಕೈಲಾಗುವುದಿಲ್ಲ. ಆದ್ದರಿಂದ ನಡುವಿನದು ತೆಗೆದುಕೊಂಡೆ. ಡ್ಯೂಟಿ ಇರುವ ದಿನ ಅವರು ನೋಡುತ್ತಾರೆ, ರಜೆಯ ದಿನ ನಾನು.

ದುಡ್ಡಲ್ಲ ತೊಂದರೆ, ಹುಲ್ಲು. ಮೊದಲು ನೋಡಿದ ಲಾಯ ವೆದರ್‌ಬಿ ಹತ್ತಿರ. ಬಿಳಿ ಬೇಲಿ, ತೊಳೆದಿಟ್ಟ ಅಂಗಳ, ಮೊಣಕಾಲೆತ್ತರದ ರೈಗ್ರಾಸ್. ಹಸುಗಳಿಗೆ ಹಾಲು ಬರಲಿ ಎಂದು ಬಿತ್ತುವ ಹುಲ್ಲು ಅದು. ನೋಡಿದವರೆಲ್ಲ ಅಲ್ಲೇ ಕಟ್ಟಬೇಕು ಎನ್ನುತ್ತಾರೆ. ನಾನು ಥ್ಯಾಂಕ್ಸ್ ಹೇಳಿ ಬಂದೆ. ಹೋದ ವಸಂತದಲ್ಲಿ ಅವನು ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ವಾಲಿ ನಿಂತ ವಿಡಿಯೋ ಕಳಿಸಿದ್ದೆನಲ್ಲ? "ಗೊರಸು ಮುಟ್ಟಿ ನೋಡು, ಬಿಸಿ ಇರುತ್ತೆ" ಎಂದು ಮೊದಲು ಹೇಳಿದ್ದು ನೀವು. ಡಾಕ್ಟರ್ ಬಂದು ಲ್ಯಾಮಿನೈಟಿಸ್, ಅಂದರೆ ಗೊರಸಿನೊಳಗಿನ ಉರಿಯೂತ, ಎಂದಿದ್ದು ಆಮೇಲೆ. ರಕ್ತ ತೆಗೆದು ನೋಡಿದರೆ ಇನ್ಸುಲಿನ್ ವಿಪರೀತ ಜಾಸ್ತಿ. ಸಕ್ಕರೆ ಹೆಚ್ಚು ತಿಂದಷ್ಟೂ ಅದು ಏರುತ್ತದೆ, ಗೊರಸು ಕೆಡುತ್ತದೆ. ಈ ಗಿಡ್ಡ ದಪ್ಪ ಕಾಬ್ ಜಾತಿಯವಕ್ಕೆ ಬಡ ಮೇವಿನಲ್ಲಿ ಬದುಕುವ ಮೈ, ಹೊಟ್ಟೆಗೆ ಸಿಗುವುದು ಮಾತ್ರ ಸಕ್ಕರೆ ತುಂಬಿದ ಹುಲ್ಲು. ರಾತ್ರಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದು ಬೆಳಗ್ಗೆ ಚೆನ್ನಾಗಿ ಬಿಸಿಲು ಬಂದರೆ ಇನ್ನೂ ಅಪಾಯ. ಚಳಿಗೆ ಹುಲ್ಲು ಬೆಳೆಯುವುದಿಲ್ಲ, ಬಿಸಿಲಿಗೆ ಸಕ್ಕರೆ ಮಾಡುವುದನ್ನು ಬಿಡುವುದಿಲ್ಲ. ಅದೆಲ್ಲ ಎಲೆಯಲ್ಲೇ ಕೂತಿರುತ್ತದೆ.

ಹಾಗಾಗಿ ನಾನು ಊರೂರು ಸುತ್ತಿ ಕೆಟ್ಟ ಹೊಲ ಹುಡುಕಿದೆ! ಲಾಯದ ಯಜಮಾನಿಯರು ಹೆಮ್ಮೆಯಿಂದ ಹುಲ್ಲುಗಾವಲು ತೋರಿಸುವುದು, ನಾನು ಮುಖ ಸಪ್ಪೆ ಮಾಡುವುದು. ಒಂದು ಕಡೆ ಹುಲ್ಲು ಕಡಿಮೆ ಇತ್ತು, ಖುಷಿಯಾಯಿತು. ಬೇಲಿ ಮೂಲೆಯಲ್ಲಿ ನೋಡಿದರೆ ಹಳದಿ ಹೂವಿನ ರ‍್ಯಾಗ್‌ವರ್ಟ್ ಗಿಡ. ಹಸಿಯಾಗಿದ್ದಾಗ ಕಹಿ, ಕುದುರೆಗಳು ಹೆಚ್ಚಾಗಿ ಮುಟ್ಟುವುದಿಲ್ಲ. ಒಣಗಿ ಮೇವಿನಲ್ಲಿ ಸೇರಿದರೆ ತಿಳಿಯದೆ ತಿಂದು ಲಿವರ್ ಕೆಡುತ್ತದೆ. ಇನ್ನೊಂದು ಕಡೆ ಎಲ್ಲ ಸರಿ ಇತ್ತು, ನವೆಂಬರಿನಿಂದ ಮಾರ್ಚ್ ತನಕ ಕೆಸರು ಎಂದು ಹೊರಗೆ ಬಿಡುವುದೇ ಇಲ್ಲವಂತೆ. ಐದು ತಿಂಗಳು ನಾಲ್ಕು ಗೋಡೆ ನಡುವೆ ನಿಂತರೆ ಅವನ ಕಾಲು ಏನಾಗಬೇಕು? ಮತ್ತೊಬ್ಬಾಕೆ ಹುಲ್ಲು ತೂಗುವುದಿಲ್ಲ, ನೆನೆಸುವುದೂ ಇಲ್ಲ, ಎಲ್ಲಕ್ಕೂ ಒಂದೇ ಅಳತೆ ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಓಟ್ಲಿಯ ಲಾಯಕ್ಕೆ ಮಳೆ ಸುರಿಯುವಾಗಲೇ ಹೋದೆ, ಹೇಳದೆ ಕೇಳದೆ. ನೀವು ಹೇಳಿಕೊಟ್ಟ ಹಾಗೆ ಮೊದಲು ನೀರಿನ ತೊಟ್ಟಿಯೊಳಗೆ ಕೈ ಹಾಕಿ ನೋಡಿದೆ. ಪಾಚಿ ಇಲ್ಲ. ಆಮೇಲೆ ಅಲ್ಲಿದ್ದ ಬೇರೆ ಕುದುರೆಗಳ ಗೊರಸು ನೋಡಿದೆ. ರಾತ್ರಿ ಹೊಟ್ಟೆನೋವು ಬಂದರೆ ಡಾಕ್ಟರನ್ನು ಯಾರು ಕರೆಯುತ್ತಾರೆ, ನನ್ನ ಫೋನ್ ಸಿಗದಿದ್ದರೆ ಎಷ್ಟು ಖರ್ಚಿನ ತನಕ ಅವರೇ ಒಪ್ಪಬಹುದು ಎಂದು ಕೇಳಿದೆ. ಎಲ್ಲ ಕರಾರಿನಲ್ಲೇ ಬರೆದಿಟ್ಟಿದ್ದರು. ಹೊಲದ ಸುತ್ತ ಕಲ್ಲುಪುಡಿ ಹಾಸಿದ ಓಣಿ ಮಾಡಿದ್ದಾರೆ. ಅಲ್ಲಲ್ಲಿ ಹುಲ್ಲಿನ ಬಲೆ ಕಟ್ಟುತ್ತಾರೆ, ತಿನ್ನಬೇಕೆಂದರೆ ನಡೆಯಬೇಕು. ಇವನ ತೂಕ ಈಗ 450 ಕೆಜಿ. ದಿನಕ್ಕೆ ಸುಮಾರು ಏಳು ಕೆಜಿ ಒಣಹುಲ್ಲು, ತೂಗಿ, ನೆನೆಹಾಕಿ, ಆ ಸಿಹಿನೀರು ಚೆಲ್ಲಿ ಕೊಡುತ್ತಾರೆ. ಹಸಿರಿಗೆ ಬಿಡುವಾಗ ಬಾಯಿಗೆ ಕುಕ್ಕೆ. ನಮ್ಮಲ್ಲಿ ಒಕ್ಕಣೆ ಎತ್ತಿಗೆ ಹಾಕುತ್ತಿದ್ದರಲ್ಲ, ಅದೇ, ಪ್ಲಾಸ್ಟಿಕ್ಕಿನದು. ಇನ್ನು ಹುರುಳಿ ಬೇಯಿಸಿ ಹಾಕು, ಬೂಸಾ ಹಾಕು ಎನ್ನಬೇಡಿ. ಇವನು ನಿಮ್ಮ ಫಾರಂನ ರೇಸ್ ಕುದುರೆ ಅಲ್ಲ.

ಇಲ್ಲಿಯ ಕಾನೂನು ಕೇಳಿದರೆ ನಗುತ್ತೀರಿ. ಕುದುರೆಗೆ ಪಾಸ್‌ಪೋರ್ಟ್ ಇರಲೇಬೇಕು, ಸಾಗಿಸುವಾಗ ಗಾಡಿಯಲ್ಲಿ ಜೊತೆಗೇ ಇರಬೇಕು. ಅದರಲ್ಲಿ ಈ ಪ್ರಾಣಿ ಮನುಷ್ಯರ ಊಟಕ್ಕೆ ಅಲ್ಲ ಎಂದು ಬರೆದು ಸಹಿ ಹಾಕಲು ಒಂದು ಪುಟ ಇದೆ. ಸಹಿ ಹಾಕಿದ್ದೇನೆ! 2020ರ ಅಕ್ಟೋಬರಿನಿಂದ ಕುತ್ತಿಗೆಯೊಳಗೆ ಚಿಪ್ ಕೂಡ ಕಡ್ಡಾಯ. ಲಾಳ ಹೊಡೆಯಲು 1975ರ ಕಾಯ್ದೆ ಪ್ರಕಾರ ರಿಜಿಸ್ಟರ್ ಆದವನೇ ಬೇಕು. ಅಷ್ಟು ವರ್ಷ ಫಾರಂನಲ್ಲಿ ಇದ್ದ ನೀವು ಇಲ್ಲಿ ಬಂದು ಒಂದು ಮೊಳೆ ಹೊಡೆದರೂ ಅಪರಾಧ. ಆದರೆ ಊರವರ ಕುದುರೆ ಕಟ್ಟಿಕೊಂಡು ಲಾಯ ನಡೆಸಲು ಇಂಗ್ಲೆಂಡಿನಲ್ಲಿ ಲೈಸೆನ್ಸ್ ಬೇಡ. ಸವಾರಿ ಕಲಿಸುವ ಸ್ಕೂಲಿಗೆ ಬೇಕು, ಲಾಯಕ್ಕೆ ಬೇಡ. ಬ್ರಿಟಿಷ್ ಹಾರ್ಸ್ ಸೊಸೈಟಿಯವರು ಒಪ್ಪಿದ ಲಾಯಗಳ ಪಟ್ಟಿ ಇದೆ, ಸೇರುವುದು ಬಿಡುವುದು ಯಜಮಾನರ ಇಷ್ಟ. ಅದಕ್ಕೇ ತೊಟ್ಟಿಗೆ ನಾವೇ ಕೈ ಹಾಕಬೇಕು.

ಸಾಗಿಸಿದ್ದು ಸುಲಭವಾಗಿ ಆಯಿತು. ಬಾಡಿಗೆಯ ಹಾರ್ಸ್‌ಬಾಕ್ಸ್, ಐದು ಗಂಟೆ ದಾರಿ. ಇಳಿದವನೇ ಒಮ್ಮೆ ಕೆನೆದು ಮೇವಿಗೆ ಬಾಯಿ ಹಾಕಿದ. ಈಗ ಬೇರೆ ಕುದುರೆಗಳಿಂದ ದೂರ ಒಬ್ಬನನ್ನೇ ಕಟ್ಟಿದ್ದಾರೆ. ಗಂಟಲ ಗಂಟು ಊದಿ ಕೀವಾಗುವ ರೋಗ ತಂದಿಲ್ಲ ಎಂದು ಖಾತ್ರಿಯಾಗುವ ತನಕ ಬೆಳಗ್ಗೆ ಸಂಜೆ ಜ್ವರ ನೋಡುತ್ತಾರೆ. ನನ್ನ ಜೊತೆ ಮುನಿಸಿಕೊಂಡಿದ್ದಾನೆ. ಇರಲಿ.

ಲಾಯದ ವಿಷಯ ಮುಗಿಯಿತು. ಈಗ ಕನ್ನಡಕ ತೆಗೆದಿಡಬೇಡಿ.

ಗಾಯ ನೋಯುವುದಿಲ್ಲ ಎಂದು ಅಮ್ಮನಿಗೆ ಹೇಳಿದ್ದೀರಂತೆ. ನನ್ನ ನಿದ್ದೆ ಕೆಡಿಸಿದ್ದೇ ಆ ಮಾತು. ನಿಮ್ಮ ಈ ಸಕ್ಕರೆ ಕಾಯಿಲೆಯಲ್ಲಿ ನರ ಕೆಟ್ಟು ಪಾದಕ್ಕೆ ಸ್ಪರ್ಶವೇ ತಿಳಿಯದೆ ಹೋಗುತ್ತದೆ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ. ಮರ್ಫಿಗೆ ನೋವಾದರೆ ಹೆಜ್ಜೆ ಇಡುವುದಿಲ್ಲ, ನನಗೆ ಗೊತ್ತಾಗುತ್ತದೆ. ನೀವು ಅದೇ ಗಾಯದ ಮೇಲೆ ಫಾರಂ ಗೇಟಿನ ತನಕ ನಡೆದು ಬರುತ್ತೀರಿ. ಒಂದು ಹೆಣ್ಣು ಕುದುರೆ ಕುಂಟಿದರೆ ಸಾಹೇಬರು ಕೇಳುವ ಮೊದಲೇ ಡಾಕ್ಟರನ್ನು ಕರೆಸುತ್ತಿದ್ದವರು ನೀವು. ನಿಮ್ಮ ಕಾಲಿಗೆ ಅಷ್ಟೂ ಬೆಲೆ ಇಲ್ವಾ? ಇಲ್ಲಿ ನನ್ನ ವಾರ್ಡಿನಲ್ಲಿ ಇಂಥ ಕಾಲುಗಳನ್ನು ದಿನಾ ನೋಡುತ್ತೇನೆ. ಬೇಗ ಬಂದವರು ಪಟ್ಟಿ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ತಡವಾದವರ ವಿಷಯ ಬರೆಯುವುದಿಲ್ಲ, ಅಮ್ಮ ಓದುತ್ತಾಳೆ.

ಬೆಂಗಳೂರಿನಲ್ಲಿ ಸಕ್ಕರೆ ಕಾಯಿಲೆ ನೋಡುವ, ಸರ್ಕಾರದ್ದೇ ಕರ್ನಾಟಕ ಎಂಡೋಕ್ರಿನಾಲಜಿ ಸಂಸ್ಥೆ ಇದೆ. ಅಲ್ಲಿ ಪಾದಕ್ಕೆಂದೇ ಬೇರೆ ವಿಭಾಗ ಇದೆ. ಈ ವಾರವೇ ಹೋಗಬೇಕು, ಹಬ್ಬ ಮುಗಿಯಲಿ ಎನ್ನಬೇಡಿ. ಮಂಜ ರಜೆ ಹಾಕಿ ಕರೆದುಕೊಂಡು ಹೋಗಲಿ, ನಾನು ಅವನಿಗೂ ಹೇಳುತ್ತೇನೆ. ಅಲ್ಲಿಯ ತನಕ ಅರಿಶಿನ ಬೇಡ, ಬಿಸಿನೀರಲ್ಲಿ ಕಾಲು ಇಡುವುದು ಬೇಡ, ಬ್ಲೇಡಿನಲ್ಲಿ ಚರ್ಮ ಕೆರೆಯುವುದಂತೂ ಬೇಡವೇ ಬೇಡ. ಆ ಕಾಲಿನ ಮೇಲೆ ಆದಷ್ಟು ಕಡಿಮೆ ಭಾರ ಹಾಕಿ. ಮನೆಯೊಳಗೂ ಚಪ್ಪಲಿ. ಡಾಕ್ಟರ್ ಹೇಳಿದ ಅಳತೆಗೆ ಎಂಸಿಆರ್ ಚಪ್ಪಲಿ, ಅಂದರೆ ಮೆತ್ತನೆ ರಬ್ಬರಿನದು, ಮಾಡಿಸಿ. ಮರ್ಫಿಗೆ ಗೊರಸಿನಡಿ ಮೆತ್ತನೆ ಪ್ಯಾಡ್ ಹಾಕಿಸಿದ್ದೇನೆ, ನಿಮಗೆ ಚಪ್ಪಲಿಗೆ ದುಡ್ಡಿಲ್ವಾ ನನ್ನ ಹತ್ತಿರ? ಹಾಗೆಯೇ, ಮುದ್ದೆಗೆ ಸಕ್ಕರೆ ಏರುವುದಿಲ್ಲ ಎಂದು ಎರಡೆರಡು ಮುದ್ದೆ ಹೊಡೆಯುತ್ತೀರಂತೆ. ಏರುತ್ತದೆ ಅಪ್ಪ.

ಗಾಯ ಕೆಂಪಾಗಿ ಊದಿದರೆ, ವಾಸನೆ ಬಂದರೆ, ಜ್ವರ ಬಂದರೆ ಆ ದಿನವೇ ಆಸ್ಪತ್ರೆ. ರಾತ್ರಿಯಾದರೂ ಸರಿ. ಅಮ್ಮಾ, ಇದನ್ನು ನೀನು ನೋಡಿಕೋ, ಅವರ ಮಾತು ನಂಬಬೇಡ.

ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡಿ. ಸಂಬಳ ಹೆಚ್ಚಾಗಿದೆ, ಮನೆ ಬೆಚ್ಚಗಿದೆ, ಊಟ ಚೆನ್ನಾಗಿದೆ, ಕುದುರೆಯ ಖರ್ಚು ನನಗೆ ಒಂದು ಲೆಕ್ಕವೇ ಅಲ್ಲ. ನಿಜವಾಗಿ ಲೆಕ್ಕವೇ ಅಲ್ಲ. ನಾಳೆ ಮಂಜನ ಅಕೌಂಟಿಗೆ ದುಡ್ಡು ಹಾಕುತ್ತೇನೆ, ಅದು ಕಾಲಿಗೆ ಮಾತ್ರ, ಬೋರ್‌ವೆಲ್ ಮೋಟಾರಿಗಲ್ಲ. ನೈಟ್ ಡ್ಯೂಟಿಗೆ ಹೊತ್ತಾಯಿತು, ಬಸ್ ತಪ್ಪುತ್ತದೆ. ಅಜ್ಜಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿಮ್ಮ ಮಗಳು
ಶೋಭಾ

ಕಾಲಿನ ಫೋಟೋ ಇವತ್ತೇ ಕಳಿಸಿ. ಪುಟ್ಟಿಯ ಸ್ಕೇಲು ಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ, ಅರಿಶಿನ ತೊಳೆದು.