ತಳಿಯ ಕಡತದಲ್ಲಿ ವಂಶವಾಹಿಯ ಹೆಸರೂ ಇರಲಿ: ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರೇ,

ಸೋಯಾಬೀನ್ ಬೀಜದ ಚೀಲದ ಮೇಲೆ ‘ತುಕ್ಕು ರೋಗ ನಿರೋಧಕ’ ಎಂದು ಅಚ್ಚಾದರೆ ರೈತ ಅದನ್ನು ನಂಬುತ್ತಾನೆ. ಆ ಶಕ್ತಿ ಯಾವ ವಂಶವಾಹಿಯಿಂದ ಬಂತು, ಒಂದರಿಂದಲೋ ಎರಡು ಮೂರರಿಂದಲೋ ಎಂಬುದು ಚೀಲದ ಮೇಲಿರುವುದಿಲ್ಲ. ತಳಿ ಬಿಡುಗಡೆಗೆ ಮುನ್ನ ಇದನ್ನು ತಿಳಿಸಲೇಬೇಕೆಂಬ ನಿಯಮ ತನ್ನಿ ಎಂದು ಕೇಳಲು, ತಳಿ ಅಭಿವೃದ್ಧಿಯ ಕೆಲಸದಲ್ಲಿರುವ ನಾನು ಈ ಪತ್ರ ಬರೆಯುತ್ತಿದ್ದೇನೆ.

ಫಕಾಪ್ಸೊರಾ ಪ್ಯಾಕಿರೈಜಿ ಎಂಬ ಶಿಲೀಂಧ್ರದಿಂದ ಬರುವ ಈ ರೋಗ ಜೋರಾದ ಕಡೆ ಶೇ. 80ರವರೆಗೂ ಇಳುವರಿ ಹೋಗಿದ್ದುಂಟು. ಇದನ್ನು ತಡೆಯುವ ಆರ್‌ಪಿಪಿ ವಂಶವಾಹಿಗಳನ್ನು 1ರಿಂದ 7ರವರೆಗೆ ಗುರುತಿಸಲಾಗಿದೆ. ಹೆಚ್ಚಿನವು ಪ್ರಬಲ ಗುಣದವು, ಅಂದರೆ ತಂದೆ ತಾಯಿ ಗಿಡಗಳಲ್ಲಿ ಒಂದರಿಂದ ಮಾತ್ರ ಬಂದರೂ ಕೆಲಸ ಮಾಡುತ್ತವೆ. ಹಾಗಾಗಿ ನಿರೋಧಕ ಗಿಡವನ್ನು ರೋಗಕ್ಕೆ ತುತ್ತಾಗುವ ಗಿಡದ ಜೊತೆ ಸಂಕರ ಮಾಡಿದರೆ, ಎರಡನೇ ಪೀಳಿಗೆಯಲ್ಲಿ ಸಾಮಾನ್ಯವಾಗಿ ನಾಲ್ಕರಲ್ಲಿ ಮೂರು ಗಿಡ ರೋಗ ತಡೆಯುತ್ತವೆ. ಎಲೆ ಮಗುಚಿ ಭೂತಗನ್ನಡಿ ಹಿಡಿದರೆ ಸಾಕು: ತಡೆದ ಎಲೆಯಲ್ಲಿ ಕೆಂಗಂದು ಚುಕ್ಕೆ, ಬೀಜಕಣ ವಿರಳ, ಸೋತ ಎಲೆಯಲ್ಲಿ ಮಾಸಲು ಕಂದು ಚುಕ್ಕೆ, ಗುಳ್ಳೆ ಒಡೆದು ಪುಡಿ ಉದುರುತ್ತಿರುತ್ತದೆ.

ಇಷ್ಟು ಸಲೀಸಾಗಿ ಆರಿಸಬಹುದಾದ್ದರಿಂದಲೇ ಒಂದು ವಂಶವಾಹಿ ಸೇರಿಸಿ ಕೆಲಸ ಮುಗಿಸುವ ಆಸೆ ಹುಟ್ಟುತ್ತದೆ. ಆದರೆ ಶಿಲೀಂಧ್ರದಲ್ಲೂ ಹಲವು ಪಂಗಡಗಳಿವೆ. ಒಂದನ್ನು ತಡೆದ ವಂಶವಾಹಿ ಇನ್ನೊಂದರೆದುರು ಕೈಚೆಲ್ಲುತ್ತದೆ. ಬೀಜಕಣಗಳು ಗಾಳಿಯಲ್ಲಿ ಬಹುದೂರ ಹೋಗುವುದರಿಂದ ಹೊಸ ಪಂಗಡ ಬರಲು ತಡವೇನಿಲ್ಲ. ಔಷಧಿ ಹೊಡೆದರಾಯಿತು ಎನ್ನುವವರು ಬ್ರೆಜಿಲ್ ಕಡೆ ನೋಡಲಿ. ಅಲ್ಲಿ ಈ ಶಿಲೀಂಧ್ರ ಹಲವು ಔಷಧಿಗಳಿಗೆ ಬಗ್ಗದಂತಾಗಿದೆ.

ಒಂದು ಸೋತರೂ ಇನ್ನೊಂದು ತಡೆಯಲೆಂದು ಎರಡು ವಂಶವಾಹಿಗಳನ್ನು ಕೂಡಿಸಹೊರಟಾಗಲೇ ನಿಜವಾದ ಕಷ್ಟ ಶುರುವಾಗುವುದು. ಅವು ಬೇರೆ ಬೇರೆ ವರ್ಣತಂತುಗಳಲ್ಲಿದ್ದರೆ ಎರಡನೇ ಪೀಳಿಗೆಯ 16ರಲ್ಲಿ 15 ಗಿಡ ಆರೋಗ್ಯವಾಗಿ ಕಾಣುತ್ತವೆ. ಎರಡೂ ಇರುವುದು 9ರಲ್ಲಿ. ಎರಡೂ ಸ್ಥಿರವಾಗಿ ನಿಂತು ಮುಂದಿನ ಪೀಳಿಗೆಗೆ ತಪ್ಪದೆ ಹೋಗುವುದು ಒಂದೇ ಒಂದರಲ್ಲಿ. ಆ ಒಂದು ಗಿಡವನ್ನು ಬರಿಗಣ್ಣಿನಲ್ಲಿ ಹುಡುಕಲಾಗದು, ಡಿಎನ್‌ಎ ಗುರುತುಗಳ ಪರೀಕ್ಷೆಯೇ ಆಗಬೇಕು. ಶ್ರಮ ವ್ಯರ್ಥವಾಗುವುದಿಲ್ಲ: ಆರ್‌ಪಿಪಿ2, 4 ಮತ್ತು 5 ಮೂರೂ ಕೂಡಿದ ಗಿಡಗಳು ಒಂದೊಂದೇ ಇರುವ ಗಿಡಗಳಿಗಿಂತ ಗಟ್ಟಿಯಾಗಿ ರೋಗ ತಡೆದಿವೆ. 2016ರಲ್ಲಿ ತೊಗರಿಯ ವಂಶವಾಹಿಯೊಂದು ಸೋಯಾದಲ್ಲಿ ತುಕ್ಕು ತಡೆದದ್ದೂ ವರದಿಯಾಯಿತು.

ತಳಿಯ ಕಡತದಲ್ಲಿ ವಂಶವಾಹಿಗಳ ಹೆಸರು, ಯಾವ ಪಂಗಡಗಳೆದುರು ಪರೀಕ್ಷೆಯಾಯಿತು ಎಂಬ ವಿವರ ಕಡ್ಡಾಯವಾಗಲಿ, ಅದು ಜನರಿಗೂ ಸಿಗಲಿ. ಸರ್ಕಾರಿ ತಳಿ ಕೇಂದ್ರಗಳಿಗೆ ಡಿಎನ್‌ಎ ಪರೀಕ್ಷೆಯ ಪ್ರಯೋಗಾಲಯ ಕೊಡಿ, ರೋಗ ಹೆಚ್ಚಿರುವ ಜಾಗಗಳಲ್ಲಿ ಹಲವು ಹಂಗಾಮು ಪರೀಕ್ಷಿಸಲು ಹಣ ಕೊಡಿ. ಮುಂದಿನ ಬಜೆಟ್ಟಿನಲ್ಲೇ ಇದಕ್ಕೆ ಅನುದಾನ ಇಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ತಳಿ ಸಂಶೋಧಕ