ಮೂವರು ನಿಂತಾಗ ಮತ ಎಣಿಸುವ ಬಗೆ

ಇಳಕಲ್

ಚಿರಂಜೀವಿ ತಮ್ಮನಿಗೆ ಕಾಕಾನ ಆಶೀರ್ವಾದಗಳು.

ಓಣಿಯ ನೇಕಾರ ಸಂಘದ ಅಧ್ಯಕ್ಷರ ಚುನಾವಣೆ ನಿನ್ನ ಕೈಗೆ ಬಂದಿದೆ, ಮೂವರು ನಿಲ್ಲುವ ಲಕ್ಷಣವಿದೆ, ಮತ ಅರವತ್ತು ಎಂದು ಬರೆದಿದ್ದೀ. ಹೆಚ್ಚು ಮತ ಬಿದ್ದವರು ಗೆದ್ದರು, ಅದರಲ್ಲೇನು ಕಷ್ಟ ಅಂತಲೂ ಕೇಳಿದ್ದೀ. ಇಬ್ಬರೇ ನಿಂತರೆ ಏನೂ ಕಷ್ಟವಿಲ್ಲ. ಮೂರನೆಯವರು ಬಂದರೆ ಎಣಿಸುವ ಪದ್ಧತಿಯೇ ಗೆಲ್ಲುವವರನ್ನು ಬದಲಿಸಬಲ್ಲದು. ಪೆನ್ನು ಹಿಡಿದು ಕೂಡು.

ಲಾಳಿ, ಕಂದೀಲು, ಕೊಡೆ ಎಂದು ಮೂರು ಗುರುತು ಇಟ್ಟುಕೋ. 25 ಮಂದಿಗೆ ಲಾಳಿ ಮೊದಲು, ಆಮೇಲೆ ಕಂದೀಲು, ಕಡೆಗೆ ಕೊಡೆ. 20 ಮಂದಿಯದು ಇದರ ಉಲ್ಟಾ. ಉಳಿದ 15 ಮಂದಿಗೆ ಕಂದೀಲೇ ಮೊದಲು. ಅವರೊಳಗೆ 11 ಮಂದಿಗೆ ಎರಡನೆಯದು ಕೊಡೆ, 4 ಮಂದಿಗೆ ಲಾಳಿ.

ಒಂದೇ ಗುರುತಿಗೆ ಮತ ಹಾಕಿಸಿದರೆ ಲಾಳಿ 25ಕ್ಕೇ ಗೆಲ್ಲುತ್ತದೆ. ಆದರೆ 31 ಮಂದಿ ಲಾಳಿಯನ್ನು ಕಟ್ಟಕಡೆಗೆ ಇಟ್ಟಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೇಡವಾದವರು ಅಧ್ಯಕ್ಷರಾದರೆ ಸಂಘ ಹೇಗೆ ನಡೆದೀತು?

ರಾಷ್ಟ್ರಪತಿ ಚುನಾವಣೆಯ ಪದ್ಧತಿ ಬೇರೆ. ಅಲ್ಲಿ 1, 2, 3 ಎಂದು ಅಂಕಿ ಬರೆಯಬೇಕು. ಅರ್ಧ ದಾಟಿದವರು ಯಾರೂ ಇಲ್ಲದಿದ್ದರೆ ಎಲ್ಲಕ್ಕಿಂತ ಕಡಿಮೆ ಬಿದ್ದವರನ್ನು ತೆಗೆದು, ಅವರ ಚೀಟಿಗಳನ್ನು ಮುಂದಿನ ಅಂಕಿಯವರಿಗೆ ಸೇರಿಸುತ್ತಾರೆ. 1969ರಲ್ಲಿ ವಿ.ವಿ. ಗಿರಿಯವರು ಅರ್ಧ ದಾಟಿದ್ದು ಹೀಗೆ ಎರಡನೆಯ ಅಂಕಿಗಳು ಸೇರಿದ ಮೇಲೆಯೇ. ನಮ್ಮ ಜಿಲ್ಲೆಯ ಸಾವಳಗಿಯ ಬಿ.ಡಿ. ಜತ್ತಿಯವರು 1974ರಲ್ಲಿ ಉಪರಾಷ್ಟ್ರಪತಿಯಾದದ್ದೂ ಇದೇ ಬಗೆಯ ಚೀಟಿಯಿಂದ. ಒಳ್ಳೆಯ ಪದ್ಧತಿ, ಆದರೂ ನಮ್ಮ ಲೆಕ್ಕಕ್ಕೆ ಹಚ್ಚಿ ನೋಡು: 15 ಬಿದ್ದ ಕಂದೀಲು ಮೊದಲೇ ಹೊರಗೆ, ಕೊಡೆ 31, ಲಾಳಿ 29. ಕೊಡೆ ಗೆದ್ದಿತು.

ಈಗ ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸು. ಕಂದೀಲು–ಲಾಳಿ 35–25. ಕಂದೀಲು–ಕೊಡೆ 40–20. ಯಾರ ಎದುರು ನಿಂತರೂ ಗೆಲ್ಲುವ ಕಂದೀಲನ್ನು ಮೊದಲ ಎರಡೂ ಪದ್ಧತಿ ಬಿಟ್ಟುಬಿಟ್ಟವು. ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದ ಬರ್ಲಿಂಗ್ಟನ್ ಊರಲ್ಲಿ 2009ರ ಮೇಯರ್ ಚುನಾವಣೆಯಲ್ಲಿ ಹೀಗೇ ಆಯಿತು. ಮರುವರ್ಷವೇ ಅಲ್ಲಿನ ಮಂದಿ, ಕಡಿಮೆ ಬಿದ್ದವರನ್ನು ತೆಗೆಯುವ ಆ ಪದ್ಧತಿ ರದ್ದು ಮಾಡಿದರು. ಜೋಡಿ ಎಣಿಕೆಯ ವಿಚಾರವನ್ನು ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ 1785ರಲ್ಲೇ ಬರೆದಿಟ್ಟಿದ್ದ.

ಒಪ್ಪಿಗೆಯಾದ ಎಲ್ಲರಿಗೂ ಗುರುತು ಹಾಕಿಸುವ ಪದ್ಧತಿಯೂ ಇದೆ. ಎಣಿಸುವುದು ಬಲು ಸುಲಭ. ಆದರೆ ತಮ್ಮವರಿಗೆ ಪೆಟ್ಟು ಬಿದ್ದೀತೆಂದು ಎಲ್ಲರೂ ಒಂದೇ ಗುರುತು ಹಾಕಿದರೆ ಅದು ಹಳೆಯ ಪದ್ಧತಿಯೇ ಆಯಿತು.

ಅರವತ್ತು ಮತಕ್ಕೆ ಜೋಡಿ ಎಣಿಕೆಯೇ ಯೋಗ್ಯ ಎಂದು ನನ್ನ ಅಭಿಪ್ರಾಯ. ಚೀಟಿಯಲ್ಲಿ ಇಲ್ಲಿಯೂ 1, 2, 3 ಎಂದೇ ಬರೆಯಬೇಕು. ಮೂವರಿದ್ದರೆ ಜೋಡಿಗಳು ಮೂರೇ. ಹಲಗೆಯ ಮೇಲೆ ಮೂರು ಕೋಷ್ಟಕ ಬರೆ. ಒಬ್ಬರು ಚೀಟಿ ಓದಲಿ, ಪ್ರತಿ ಚೀಟಿಗೆ ಪ್ರತಿ ಜೋಡಿಯಲ್ಲಿ ಮೇಲಿರುವವರ ಕಡೆ ಒಂದು ಗೆರೆ ಬೀಳಲಿ, ಇನ್ನೊಬ್ಬರು ಪಕ್ಕದಲ್ಲಿ ಬೇರೆಯಾಗಿ ಬರೆದುಕೊಳ್ಳಲಿ. ಚೀಟಿಗೆ ಮೂರು ಗೆರೆ. ಹತ್ತು ಚೀಟಿಗೊಮ್ಮೆ ಎರಡೂ ಲೆಕ್ಕ ತಾಳೆ ನೋಡು, ಇಲ್ಲದಿದ್ದರೆ ತಪ್ಪು ಎಲ್ಲಿ ಆಯಿತೆಂದು ಅರವತ್ತನ್ನೂ ಮತ್ತೆ ತಿರುವಬೇಕಾಗುತ್ತದೆ.

ಜಗಳ ಹುಟ್ಟುವುದು ಇಂಥ ಕಡೆ: 1 ಮಾತ್ರ ಬರೆದು ಉಳಿದದ್ದು ಖಾಲಿ ಬಿಟ್ಟ ಚೀಟಿ. ಖಾಲಿ ಬಿಟ್ಟವರಿಬ್ಬರೂ 1ರ ಕೆಳಗೆ, ಅವರಿಬ್ಬರ ಜೋಡಿಗೆ ಗೆರೆಯಿಲ್ಲ. ಇಬ್ಬರಿಗೆ 1 ಬರೆದ ಚೀಟಿ ಬಾದ, ಎಣಿಕೆಗಿಲ್ಲ. ಅಪರೂಪಕ್ಕೆ ಲಾಳಿ ಕಂದೀಲನ್ನು, ಕಂದೀಲು ಕೊಡೆಯನ್ನು, ಕೊಡೆ ಲಾಳಿಯನ್ನು ಸೋಲಿಸಿ ಸುತ್ತು ಹಾಕಿಕೊಳ್ಳುತ್ತದೆ. ಆಗ ಎಲ್ಲಕ್ಕಿಂತ ಕಡಿಮೆ ಅಂತರದಿಂದ ಸೋತವರು ಅಧ್ಯಕ್ಷರು. ಅದೂ ಸಮವಾದರೆ ಚೀಟಿ ಎತ್ತುವುದು. ಎದುರಾಳಿಯನ್ನು ಬೇಕಂತಲೇ ಕೆಳಗೆ ಬರೆಯುವ ಆಟಕ್ಕೆ ಈ ಪದ್ಧತಿಯೂ ಪೂರ್ತಿ ಹೊರತಲ್ಲ, ಅದು ನಿನಗೆ ಗೊತ್ತಿರಲಿ.

ಮೊದಲು ಸಂಘದ ಬೈಲಾ ತೆಗೆದು ನೋಡು. ಅದರಲ್ಲಿ ಬೇರೆ ಪದ್ಧತಿ ಹೇಳಿದ್ದರೆ ಅದನ್ನು ತಿದ್ದದೆ ಇದು ನಡೆಯದು. ನಾಮಪತ್ರ ಬರುವ ಮುಂಚೆಯೇ ಸಭೆಯಲ್ಲಿ ಠರಾವು ಆಗಬೇಕು. ಯಾರು ನಿಂತಿದ್ದಾರೆಂದು ಗೊತ್ತಾದ ಮೇಲೆ ತಂದ ನಿಯಮವನ್ನು ಸೋತವರು ಒಪ್ಪುವುದಿಲ್ಲ, ಒಪ್ಪಲೂ ಬೇಕಿಲ್ಲ.

ಠರಾವಿನ ಕರಡು ಬರೆದು ಕಳಿಸು, ನೋಡಿಕೊಡುತ್ತೇನೆ.

ನಿನ್ನ ಕಾಕಾ